ಓದಿನ ತೊಡಕು ಮತ್ತು ಮಿದುಳು ವಿಜ್ಞಾನ: ಪೋಷಕರು, ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಲೆಕ್ಸಿಯಾ ಎಂದರೇನು?

ಕಣ್ಣು, ಕಿವಿ ಸರಿಯಾಗಿವೆ. ಮಗು ತಪ್ಪದೆ ಶಾಲೆಗೆ ಹೋಗುತ್ತದೆ, ಪಾಠ ಕೇಳುತ್ತದೆ, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುತ್ತದೆ. ಆದರೂ ಅಚ್ಚಾದ ಪದವನ್ನು ತಪ್ಪಿಲ್ಲದೆ, ತಡವರಿಸದೆ ಓದುವುದು ವರ್ಷಗಳು ಕಳೆದರೂ ಒಲಿಯುವುದಿಲ್ಲ. ಈ ಸ್ಥಿತಿಗೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳೂ ಸಾಮಾನ್ಯವಾಗಿ ಜೊತೆಗಿರುತ್ತವೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯದ ಮಾನದಂಡಗಳು ಇದನ್ನು 'ನಿರ್ದಿಷ್ಟ ಕಲಿಕಾ ನ್ಯೂನತೆ'ಯ ಅಡಿಯಲ್ಲಿ ಸೇರಿಸುತ್ತವೆ. ತೊಡಕನ್ನು ನೀಗಿಸಲು ಪ್ರಯತ್ನ ನಡೆದ ಮೇಲೂ ಅದು ಕನಿಷ್ಠ 6 ತಿಂಗಳು ಉಳಿದಿರಬೇಕು ಎಂಬ ಷರತ್ತು ಅದರಲ್ಲಿದೆ. ಅಂದರೆ ಸರಿಯಾಗಿ ಕಲಿಸದೆಯೇ ಮಗುವಿಗೆ ಹಣೆಪಟ್ಟಿ ಹಚ್ಚುವಂತಿಲ್ಲ.

'ಇದೆ', 'ಇಲ್ಲ' ಎಂದು ಎರಡೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಸಂಗತಿಯೂ ಇದಲ್ಲ. ಓದುವ ಸಾಮರ್ಥ್ಯ ಮಕ್ಕಳಿಂದ ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುತ್ತದೆ. ಆ ಸಾಲಿನ ಕೆಳತುದಿಗೆ ನಾವು ಒಂದು ಹೆಸರಿಟ್ಟಿದ್ದೇವೆ. ರಕ್ತದೊತ್ತಡ ಎಷ್ಟಾದರೆ 'ಹೆಚ್ಚು' ಎಂಬುದನ್ನು ವೈದ್ಯರು ಕೂತು ತೀರ್ಮಾನಿಸಿದಂತೆಯೇ ಇಲ್ಲಿಯೂ ಗೆರೆ ಎಳೆದವರು ಮನುಷ್ಯರು. ಎಷ್ಟು ಮಕ್ಕಳಿಗೆ ಈ ತೊಡಕಿದೆ ಎಂಬ ಅಂದಾಜು ಶೇ. 5ರಿಂದ 10ರ ನಡುವೆ ಓಲಾಡುವುದು ಇದೇ ಕಾರಣಕ್ಕೆ. ಗೆರೆಯಿಂದ ಕೂದಲೆಳೆಯಷ್ಟು ಮೇಲಿರುವ ಮಗುವಿಗೆ ನೆರವು ಬೇಡ ಎಂದು ವಾದಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದೂ ಇದೇ ಕಾರಣಕ್ಕೆ.

ಹಿಂದಿನ ಕಾಲದಲ್ಲಿ ಇಂಥದ್ದನ್ನು ಕೇಳಿಯೇ ಇರಲಿಲ್ಲವಲ್ಲ?

ಕೇಳಿದ್ದರು, ಅದೂ ಬಹಳ ಹಿಂದೆಯೇ. ಮಿದುಳಿಗೆ ಪೆಟ್ಟಾದ ವಯಸ್ಕರು ಮಾತು, ದೃಷ್ಟಿ ಎರಡನ್ನೂ ಉಳಿಸಿಕೊಂಡು ಓದನ್ನು ಮಾತ್ರ ಕಳೆದುಕೊಳ್ಳುವುದನ್ನು ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ 1877ರಲ್ಲಿ ವಿವರಿಸಿ 'ಪದ ಕುರುಡು' ಎಂದು ಕರೆದರು. ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಬಳಕೆಗೆ ತಂದವರು ಅದೇ ದೇಶದ ನೇತ್ರವೈದ್ಯ ರುಡಾಲ್ಫ್ ಬರ್ಲಿನ್. ಯಾವ ಪೆಟ್ಟೂ ಆಗದ ಮಗುವಿನಲ್ಲಿ ಇದೇ ಲಕ್ಷಣವನ್ನು ಗುರುತಿಸಿ ಬರೆದದ್ದು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, 1896ರಲ್ಲಿ. ಅವರು ಕಂಡ 14 ವರ್ಷದ ಹುಡುಗ ಗಣಿತದಲ್ಲಿ ಚುರುಕಾಗಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಅವನು ಜಾಣನಾಗಿರುತ್ತಿದ್ದ ಎಂದು ಅವನ ಶಿಕ್ಷಕರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾರೆ. ಎಲ್ಲರೂ ಓದಲೇಬೇಕಾದ ಕಾಲ ಬರುವವರೆಗೆ ಇಂಥವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೇ.

ಮಾತು ತಾನಾಗಿಯೇ ಬರುತ್ತದೆ. ಓದು ಏಕೆ ಹಾಗೆ ಬರುವುದಿಲ್ಲ?

ಬರವಣಿಗೆ ಹುಟ್ಟಿ ಹೆಚ್ಚೆಂದರೆ ಐದೂವರೆ ಸಾವಿರ ವರ್ಷಗಳಾಗಿರಬಹುದು. ಅದರಲ್ಲಿಯೂ ಬಹುಪಾಲು ಮನುಷ್ಯರ ಕೈಗೆ ಅಕ್ಷರ ಸಿಕ್ಕಿದ್ದು ಕಳೆದ ಒಂದೆರಡು ಶತಮಾನಗಳಲ್ಲಿ. ಓದಿಗೆಂದೇ ಮಿದುಳಿನಲ್ಲಿ ಒಂದು ಭಾಗ ವಿಕಾಸಗೊಳ್ಳಲು ಇಷ್ಟು ಕಾಲ ಏನೇನೂ ಸಾಲದು. ಹಾಗಾದರೆ ಓದುವ ಕೆಲಸವನ್ನು ಯಾವ ಭಾಗ ಮಾಡುತ್ತಿದೆ?

ಮೊದಲ ಸುಳಿವು ಸಿಕ್ಕಿದ್ದು 19ನೆಯ ಶತಮಾನದ ಕೊನೆಯಲ್ಲಿ, ಫ್ರಾನ್ಸಿನ ನರತಜ್ಞ ಜೂಲ್ ದೆಜೆರಿನ್ ಅವರ ರೋಗಿಯೊಬ್ಬರಿಂದ. ಪಾರ್ಶ್ವವಾಯುವಿನ ನಂತರ ಆತ ಸರಾಗವಾಗಿ ಬರೆಯುತ್ತಿದ್ದರು. ಆದರೆ ತಾವೇ ಬರೆದದ್ದನ್ನು ಓದಲಾರದೆ ಹೋದರು. ಮರಣೋತ್ತರ ಪರೀಕ್ಷೆಯಲ್ಲಿ ಪೆಟ್ಟು ಕಂಡದ್ದು ಮಿದುಳಿನ ಎಡ ಹಿಂಭಾಗದಲ್ಲಿ. ನೂರಕ್ಕೂ ಹೆಚ್ಚು ವರ್ಷಗಳ ನಂತರ, 2000ದಲ್ಲಿ, ಲೊರಾನ್ ಕೋಹೆನ್ ಮತ್ತು ಸ್ಟಾನಿಸ್ಲಾಸ್ ದೆಹಾನ್ ಅವರ ತಂಡ ಅದೇ ಆಸುಪಾಸಿನ ಒಂದು ಪುಟ್ಟ ಭಾಗವನ್ನು ಸ್ಕ್ಯಾನ್‌ಗಳ ಮೂಲಕ ಗುರುತಿಸಿ 'ದೃಶ್ಯ ಪದರೂಪ ಪ್ರದೇಶ' ಎಂದು ಕರೆಯಿತು. ಓದಬಲ್ಲವರಲ್ಲಿ, ಲಿಪಿ ಯಾವುದೇ ಇರಲಿ, ಪದ ಕಂಡೊಡನೆ ಹೆಚ್ಚುಕಡಿಮೆ ಇದೇ ಜಾಗ ಎಚ್ಚೆತ್ತುಕೊಳ್ಳುತ್ತದೆ.

ಅಕ್ಷರ ಬರುವ ಮೊದಲು ಆ ಜಾಗ ಸುಮ್ಮನೆ ಕೂತಿರಲಿಲ್ಲ. ಮುಖ, ವಸ್ತುಗಳ ಆಕಾರ, ಗೆರೆಗಳ ಕೂಡಿಕೆ ಇವನ್ನೆಲ್ಲ ಗುರುತಿಸುವ ಕೆಲಸದಲ್ಲಿ ಅದಕ್ಕೆ ಪಾಲಿತ್ತು. ಓದು ಕಲಿಯುವುದೆಂದರೆ ಹಳೆಯ ಕೆಲಸದ ಈ ಜಾಗವನ್ನು ಹೊಸ ಕೆಲಸಕ್ಕೆ ಒಗ್ಗಿಸಿ, ಅದನ್ನು ಮಾತಿನ ಜಾಲಕ್ಕೆ ಜೋಡಿಸುವುದು ಎಂಬುದು ದೆಹಾನ್ ಅವರ ವಾದ. ಪೋರ್ಚುಗಲ್ ಮತ್ತು ಬ್ರೆಜಿಲ್‌ನ 63 ವಯಸ್ಕರನ್ನು ಅವರ ತಂಡ ಅಭ್ಯಸಿಸಿತು. ಅವರಲ್ಲಿ 10 ಮಂದಿ ಅನಕ್ಷರಸ್ಥರು, 22 ಮಂದಿ ದೊಡ್ಡವರಾದ ಮೇಲೆ ಓದು ಕಲಿತವರು, ಉಳಿದವರು ಬಾಲ್ಯದಲ್ಲೇ ಕಲಿತವರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಓದಿನ ಸಾಮರ್ಥ್ಯ ಹೆಚ್ಚಿದಷ್ಟೂ ಆ ಪ್ರದೇಶದ ಪ್ರತಿಕ್ರಿಯೆ ಹೆಚ್ಚುತ್ತದೆ. ವಯಸ್ಸಾದ ಮೇಲೆ ಕಲಿತವರಲ್ಲಿಯೂ ಹೆಚ್ಚುತ್ತದೆ. ಅಷ್ಟೇ ಅಲ್ಲ, ಕಿವಿಗೆ ಬಿದ್ದ ಮಾತನ್ನು ಮಿದುಳು ಸಂಸ್ಕರಿಸುವ ಬಗೆಯೂ ಬದಲಾಗುತ್ತದೆ. ಅಕ್ಷರ ಕಲಿತವರಿಗೆ ಮಾತು ಕೇಳಿಸುವುದೇ ಬೇರೆ ಬಗೆಯಲ್ಲಿ!

ಅಕ್ಷರ ಬಂದರೆ ಮುಖ ಗುರುತಿಸುವ ಶಕ್ತಿಗೆ ಕುತ್ತು ಬರುತ್ತದೆಯೇ ಎಂಬ ಅನುಮಾನವೂ ಆಗ ಎದ್ದಿತ್ತು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ದೇವನಾಗರಿ ಕಲಿಯುತ್ತಿದ್ದ ವಯಸ್ಕರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ಅಂಥ ನಷ್ಟವೇನೂ ಇಲ್ಲವೆಂದು ತೋರಿಸಿತು. ಇನ್ನು, ಆ ಪ್ರದೇಶಕ್ಕೆ ಕೊಟ್ಟ ಹೆಸರೇ ದಾರಿ ತಪ್ಪಿಸುತ್ತದೆ, ಚಿತ್ರ ಕಂಡು ಹೆಸರು ಹೇಳುವಾಗಲೂ ಅದು ಎಚ್ಚೆತ್ತುಕೊಳ್ಳುತ್ತದೆ ಎಂದು ಕ್ಯಾಥಿ ಪ್ರೈಸ್ ಮತ್ತು ಜೋಸೆಫ್ ಡೆವ್ಲಿನ್ 2003ರಲ್ಲೇ ತಕರಾರು ಎತ್ತಿದ್ದರು. ಆ ಜಗಳ ಪೂರ್ತಿ ತೀರಿಲ್ಲ. ಶಿಕ್ಷಕರಿಗೆ ಬೇಕಾದ ಮಾತು ಮಾತ್ರ ಎರಡೂ ಪಕ್ಷಗಳಿಗೆ ಒಪ್ಪಿಗೆಯಾದದ್ದು: ಓದಿನ ಜಾಲ ಹುಟ್ಟಿನಿಂದ ಸಿದ್ಧವಾಗಿರುವುದಿಲ್ಲ, ಕಲಿಸಿ ಕಟ್ಟಬೇಕು.

ಮಗು ಅಕ್ಷರಗಳನ್ನು ತಿರುಗಿಸಿ ಬರೆಯುತ್ತದೆ. ಇದು ಕಣ್ಣಿನ ದೋಷವಲ್ಲವೇ?

ಅಲ್ಲ. ಕಲಿಕೆಯ ಮೊದಲ ಒಂದೆರಡು ವರ್ಷ ಹೆಚ್ಚಿನ ಮಕ್ಕಳು ಕನ್ನಡಿಯಲ್ಲಿ ಕಂಡಂತೆ ಬರೆಯುತ್ತಾರೆ. ಒಂದು ವಸ್ತು ಎಡಕ್ಕೆ ತಿರುಗಿದ್ದರೂ ಬಲಕ್ಕೆ ತಿರುಗಿದ್ದರೂ ಅದೇ ವಸ್ತು ಎಂದು ಗುರುತಿಸುವುದು ಮಿದುಳಿನ ಹಳೆಯ ರೂಢಿ. ಅಕ್ಷರಗಳ ವಿಷಯದಲ್ಲಿ ಮಾತ್ರ ಆ ರೂಢಿಯನ್ನು ಬಿಡಿಸಬೇಕು. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1920ರ ದಶಕದಲ್ಲಿ ಈ ತಿರುಗುಮುರುಗನ್ನೇ ರೋಗದ ತಿರುಳೆಂದು ಬಗೆದರು. ಅವರ ಆ ಸಿದ್ಧಾಂತ ನಿಲ್ಲಲಿಲ್ಲ, ಆದರೆ ಜನರ ತಲೆಯಲ್ಲಿ ಇಂದಿಗೂ ಉಳಿದಿದೆ. ಕಣ್ಣಿನ ಪರೀಕ್ಷೆ ಒಮ್ಮೆ ಮಾಡಿಸಿ; ದೃಷ್ಟಿ ಸರಿಯಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಹಾಗಾದರೆ ತೊಡಕಿನ ಮೂಲ ಎಲ್ಲಿದೆ?

ಹೆಚ್ಚಿನ ಮಕ್ಕಳಲ್ಲಿ ಅದು ಮಾತಿನ ಧ್ವನಿಗಳ ಕಡೆಗಿದೆ. 'ಮರ' ಎಂಬ ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳಲು ಅದರೊಳಗಿನ ಬಿಡಿ ಧ್ವನಿಗಳತ್ತ ಗಮನ ಹರಿಸಬೇಕಿಲ್ಲ. ಓದಲು ಹರಿಸಲೇಬೇಕು. 'ಮರ'ದ ಮೊದಲ ಧ್ವನಿಯನ್ನು ತೆಗೆದು 'ಕ್' ಇಟ್ಟರೆ ಏನಾಗುತ್ತದೆ, 'ಸರ' ಮತ್ತು 'ಬರ'ಗಳಲ್ಲಿ ಒಂದೇ ಆಗಿರುವುದು ಯಾವುದು ಎಂಬಂಥ ಬಾಯಿಮಾತಿನ ಪ್ರಶ್ನೆಗಳಲ್ಲೇ ಈ ಮಕ್ಕಳು ಎಡವುತ್ತಾರೆ. ಅರ್ಥವಿಲ್ಲದ ಹೊಸ ಪದವನ್ನು ಕೇಳಿ ಮರಳಿ ಹೇಳುವುದೂ ಕಷ್ಟವಾಗುತ್ತದೆ. ಇದಕ್ಕೆ ಧ್ವನಿ ಸಂಸ್ಕರಣೆಯ ಕೊರತೆ ಎನ್ನುತ್ತಾರೆ. ಈ ಸಂಬಂಧವನ್ನು ಪಕ್ಕಾ ಮಾಡಿದ ಕೆಲಸಗಳಲ್ಲಿ ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರ್ಯಾಂಟ್ 1983ರಲ್ಲಿ ಪ್ರಕಟಿಸಿದ್ದು ಹೆಸರುವಾಸಿ. ಓದು ಬಾರದ 4-5 ವರ್ಷದ ಸುಮಾರು 400 ಮಕ್ಕಳ ಧ್ವನಿ ಪ್ರಜ್ಞೆಯನ್ನು ಅವರು ಅಳೆದು, ನಂತರದ ವರ್ಷಗಳಲ್ಲಿ ಓದನ್ನು ಅಳೆದರು. ಮೊದಲನೆಯದು ಎರಡನೆಯದರ ಮುನ್ಸೂಚನೆ ಕೊಟ್ಟಿತು. ಅವರಲ್ಲಿ ಕೆಲವರಿಗೆ ಧ್ವನಿಯ ಆಟಗಳನ್ನು ಕಲಿಸಿದರು. ಧ್ವನಿಯ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಗೆ ಕೊಟ್ಟ ಗುಂಪು ಎಲ್ಲರಿಗಿಂತ ಮುಂದೆ ಹೋಯಿತು. ಬರಿ ಧ್ವನಿಯೂ ಅಲ್ಲ, ಬರಿ ಅಕ್ಷರವೂ ಅಲ್ಲ, ಎರಡರ ಬೆಸುಗೆ ಎಂಬ ಈ ವಿವರವನ್ನು ಆಗಾಗ ಮರೆಯಲಾಗುತ್ತದೆ.

ಎರಡನೆಯ ಮೂಲವೂ ಇದೆ: ವೇಗ. ಸಾಲಾಗಿ ಬರೆದ ಬಣ್ಣ, ಅಂಕಿ, ಚಿತ್ರಗಳ ಹೆಸರನ್ನು ಸರಸರನೆ ಹೇಳಿಸುವ ಒಂದು ಪರೀಕ್ಷೆಯನ್ನು ಮಾರ್ಥಾ ಡೆಂಕ್ಲಾ ಮತ್ತು ರೀಟಾ ರುಡೆಲ್ 1970ರ ದಶಕದಲ್ಲಿ ರೂಪಿಸಿದರು. ಹೆಸರು ಗೊತ್ತಿದ್ದೂ ಹೇಳುವುದು ನಿಧಾನವಾದರೆ ಓದೂ ನಿಧಾನವಾಗುವ ಸಾಧ್ಯತೆ ಹೆಚ್ಚು. ಕೆಲವು ಮಕ್ಕಳಲ್ಲಿ ಮೊದಲನೆಯ ಕೊರತೆ, ಕೆಲವರಲ್ಲಿ ಎರಡನೆಯದು, ಎರಡೂ ಇರುವವರ ಪಾಡು ಹೆಚ್ಚು ಕಷ್ಟ. ಇದಲ್ಲದೆ ಗಮನದ ತೊಡಕು, ಮಾತು ತಡವಾಗುವುದು ಇವು ಜೊತೆಗೂಡುವುದು ಅಪರೂಪವಲ್ಲ. ಒಂದೇ ಕಾರಣವನ್ನು ಹುಡುಕುವ ಹಟವನ್ನು ಸಂಶೋಧಕರು ಈಗ ಬಹುಮಟ್ಟಿಗೆ ಬಿಟ್ಟಿದ್ದಾರೆ.

ಈ ಸಂಶೋಧನೆಯೆಲ್ಲ ಇಂಗ್ಲಿಷಿನದು. ಕನ್ನಡ ಓದುವ ಮಕ್ಕಳಿಗೆ ಅನ್ವಯಿಸುತ್ತದೆಯೇ?

ಭಾಗಶಃ. ಕನ್ನಡದಲ್ಲಿ ಈ ವಿಷಯದ ಬರಹಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ; ಇಂಗ್ಲಿಷಿನ ಲಕ್ಷಣಪಟ್ಟಿಯನ್ನು ಹಾಗೆಯೇ ಎತ್ತಿ ತಂದು ಬಿಡುತ್ತಾರೆ.

ಜಗತ್ತಿನ ಲಿಪಿಗಳಲ್ಲಿ ಇಂಗ್ಲಿಷ್ ಒಂದು ವಿಚಿತ್ರ ಪ್ರಾಣಿ. ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರ, ಒಂದೇ ಉಚ್ಚಾರಕ್ಕೆ ಹತ್ತು ಬರಹ. ಫಿಲಿಪ್ ಸೀಮರ್ ಮತ್ತು ಜೊತೆಗಾರರು ಯುರೋಪಿನ 13 ಬರಹ ಪದ್ಧತಿಗಳ ಮಕ್ಕಳನ್ನು ಒಂದನೆಯ ತರಗತಿಯ ಕೊನೆಯಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಫಿನ್ನಿಷ್, ಗ್ರೀಕ್‌ನಂಥ ನೇರವಾದ ಬರಹಗಳಲ್ಲಿ ಮಕ್ಕಳು ಪರಿಚಿತ ಪದಗಳನ್ನು ಬಹುತೇಕ ಎಲ್ಲವನ್ನೂ ಸರಿಯಾಗಿ ಓದಿದರೆ, ಇಂಗ್ಲಿಷಿನಲ್ಲಿ ಸರಿಯಾಗಿದ್ದದ್ದು ಶೇ. 34 ಮಾತ್ರ. ತೊಡಕಿನ ಮುಖವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ತಪ್ಪು ಓದುತ್ತದೆ. ಜರ್ಮನ್ ಭಾಷೆಯಲ್ಲಿ ಹೈಂಟ್ಸ್ ವಿಮ್ಮರ್ ತೋರಿಸಿದಂತೆ, ಸರಿಯಾಗಿಯೇ ಓದುತ್ತದೆ, ಆದರೆ ತೀರಾ ನಿಧಾನ. ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವ ವಯಸ್ಕರನ್ನು ಎರಾಲ್ಡೊ ಪೌಲೇಸು ತಂಡ ಹೋಲಿಸಿ ನೋಡಿದಾಗ (2001) ಇಟಲಿಯವರ ಓದು ಉಳಿದವರಿಗಿಂತ ಚೆನ್ನಾಗಿತ್ತು. ಆದರೂ ಮೂವರಲ್ಲಿಯೂ ಮಿದುಳಿನ ಎಡಭಾಗದ ಒಂದೇ ಪ್ರದೇಶದ ಚಟುವಟಿಕೆ ಕಡಿಮೆಯಿತ್ತು. ಒಳಗಿನ ತೊಡಕು ಒಂದೇ, ಹೊರಗೆ ಕಾಣುವ ಬಗೆ ಲಿಪಿಗೆ ಬಿಟ್ಟದ್ದು.

ಕನ್ನಡ ಉಚ್ಚಾರದ ಮಟ್ಟಿಗೆ ನೇರ. ಆದರೆ ಅಕ್ಷರಗಳ ಸಂಖ್ಯೆ ದೊಡ್ಡದು. ಮೂಲಾಕ್ಷರಗಳು 50ರ ಆಸುಪಾಸು. ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು 400 ದಾಟುತ್ತವೆ, ಒತ್ತಕ್ಷರಗಳು ಅದರ ಮೇಲೆ. ಕನ್ನಡ ಮಕ್ಕಳ ಓದಿನ ಮೇಲೆ ದೀರ್ಘಕಾಲ ಕೆಲಸ ಮಾಡಿರುವ ಸೊನಾಲಿ ನಾಗ್ ಅವರ ಅಧ್ಯಯನಗಳು ಎರಡು ಸಂಗತಿಗಳನ್ನು ಎತ್ತಿ ತೋರಿಸಿವೆ. ಮೊದಲನೆಯದು, ಅಕ್ಷರ ಕಲಿಕೆ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ. ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಅದು ಹಬ್ಬಿಕೊಂಡಿರುತ್ತದೆ. ಎರಡನೆಯದು, ಉಚ್ಚಾರಾಂಶಗಳ, ಅಂದರೆ 'ಮರ'ದಲ್ಲಿನ 'ಮ', 'ರ'ದಂಥ ತುಣುಕುಗಳ, ಅರಿವು ಬೇಗ ಬರುತ್ತದೆ, ಬಿಡಿ ಧ್ವನಿಗಳ ಅರಿವು ನಿಧಾನ. 'ಕ' ಎಂಬ ಅಕ್ಷರದಲ್ಲಿ 'ಕ್' ಮತ್ತು 'ಅ' ಎರಡೂ ಅಡಗಿವೆ ಎಂಬುದನ್ನು ಲಿಪಿ ಬಿಡಿಸಿ ತೋರಿಸುವುದಿಲ್ಲ. ಮಾರ್ಗರೆಟ್ ಸ್ನೋಲಿಂಗ್ ಅವರ ಜೊತೆ ನಾಗ್ ನಡೆಸಿದ ಕೆಲಸದಲ್ಲಿ, ಕನ್ನಡದಲ್ಲಿ ಹಿಂದುಳಿದ ಓದುಗರಿಗೆ ಉಚ್ಚಾರಾಂಶ, ಬಿಡಿ ಧ್ವನಿ ಎರಡರಲ್ಲೂ ತೊಂದರೆ ಕಂಡಿತು.

ಆದ್ದರಿಂದ ಕನ್ನಡದಲ್ಲಿ ನೋಡಬೇಕಾದ ತಪ್ಪುಗಳೇ ಬೇರೆ. ಹ್ರಸ್ವ ದೀರ್ಘಗಳ ಅದಲುಬದಲು, ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ, ಒತ್ತಕ್ಷರವನ್ನು ನುಂಗುವುದು, 'ವ', 'ಮ', 'ಯ'ಗಳಲ್ಲಿ ಎಡವುವುದು. ಅರ್ಕಾವತ್ತು ಇನ್ನೂ ತಮಾಷೆಯದು: 'ಸೂರ್ಯ'ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಅದರ ಗುರುತು ಮಾತ್ರ ಯಕಾರದ ಬಲಕ್ಕೆ ಬರುತ್ತದೆ. ಕಾಗುಣಿತದ ಕೋಷ್ಟಕವನ್ನು ರಾಗವಾಗಿ ಒಪ್ಪಿಸುವ ಮಗು ಅಕ್ಷರ ಕಲಿತಿದೆ ಎಂದು ನಂಬಿ ಮೋಸಹೋಗಬೇಡಿ. 'ಖೇ' ಎಂಬ ಒಂದನ್ನೇ ಬಿಡಿಯಾಗಿ ಬರೆದು ತೋರಿಸಿ. ಬಾಯಿಪಾಠದ ಮಗು 'ಖ, ಖಾ' ಎಂದು ಮೊದಲಿನಿಂದ ಏಣಿ ಹತ್ತತೊಡಗುತ್ತದೆ.

ಬುದ್ಧಿ ಕಡಿಮೆ ಇರುವುದರಿಂದ ಹೀಗಾಗುತ್ತದೆಯೇ?

ಇಲ್ಲ. ಹಾಗೆಂದು ಜಾಣ ಮಕ್ಕಳಿಗೆ ಮಾತ್ರ ಬರುವ ತೊಡಕೂ ಇದಲ್ಲ. ಬುದ್ಧಿಮತ್ತೆಯ ಅಂಕ ಹೆಚ್ಚಿದ್ದು ಓದು ಕಡಿಮೆಯಿದ್ದರೆ ಮಾತ್ರ ಡಿಸ್ಲೆಕ್ಸಿಯಾ ಎಂಬ ನಿಯಮ ಬಹುಕಾಲ ಚಾಲ್ತಿಯಲ್ಲಿತ್ತು. 2011ರಲ್ಲಿ ಹಿರೊಕೊ ತನಾಕಾ, ಫುಮಿಕೊ ಹೆಫ್ಟ್ ಮತ್ತಿತರರು ಎರಡೂ ಬಗೆಯ ಮಕ್ಕಳನ್ನು ಸ್ಕ್ಯಾನ್ ಮಾಡಿದಾಗ ಅಂಕ ಹೆಚ್ಚಿರುವ, ಕಡಿಮೆಯಿರುವ ಎರಡೂ ಗುಂಪುಗಳಲ್ಲಿ ಧ್ವನಿ ಸಂಸ್ಕರಣೆಯ ವೇಳೆ ಒಂದೇ ರೀತಿಯ ಕುಂದು ಕಂಡಿತು. ಆ ನಿಯಮದಿಂದ ನೆರವು ತಪ್ಪಿಹೋದ ಮಕ್ಕಳಿಗೆ ಯಾರೂ ಲೆಕ್ಕ ಕೊಡಲಿಲ್ಲ.

ಅಪ್ಪನಿಗೂ ಇತ್ತು, ಮಗನಿಗೂ ಇದೆ. ಇದು ವಂಶಪಾರಂಪರ್ಯವೇ?

ಬಹುಮಟ್ಟಿಗೆ ಹೌದು. ಹೆತ್ತವರು ಅಥವಾ ಒಡಹುಟ್ಟಿದವರಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, ಅಂಥವರಲ್ಲಿ ಸರಾಸರಿ ಶೇ. 45 ಮಂದಿಗೆ ತೊಡಕು ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರುವುದಿಲ್ಲ ಎಂದೂ ಇದನ್ನೇ ಓದಬಹುದು. 'ಡಿಸ್ಲೆಕ್ಸಿಯಾ ಜೀನ್' ಎಂಬ ಒಂದೇ ಒಂದು ಜೀನ್ ಇಲ್ಲ. ತಮಗೆ ಡಿಸ್ಲೆಕ್ಸಿಯಾ ಇದೆಯೆಂದು ಹೇಳಿಕೊಂಡ 51,800 ವಯಸ್ಕರನ್ನು ಹತ್ತು ಲಕ್ಷಕ್ಕೂ ಹೆಚ್ಚು ಇತರರೊಂದಿಗೆ ಹೋಲಿಸಿದ 2022ರ ಅಧ್ಯಯನ ವಂಶವಾಹಿಯ 42 ತಾಣಗಳನ್ನು ಗುರುತಿಸಿತು. ಒಂದೊಂದರ ಪಾತ್ರವೂ ಅತ್ಯಲ್ಪ. ಮನೆಯಲ್ಲಿ ಯಾರಿಗಾದರೂ ಇದ್ದರೆ ಮಗುವಿನ ಮೇಲೆ ಬೇಗ ಕಣ್ಣಿಡಿ. ಈ ಮಾಹಿತಿಯ ಉಪಯೋಗ ಸದ್ಯಕ್ಕೆ ಅಷ್ಟೇ.

ಹುಡುಗರಲ್ಲಿ ಹೆಚ್ಚಲ್ಲವೇ?

ಸ್ವಲ್ಪ ಹೆಚ್ಚು. ಆದರೆ ಶಾಲೆಗಳು ಗುರುತಿಸುವಷ್ಟು ಹೆಚ್ಚಲ್ಲ. ಸ್ಯಾಲಿ ಶೇವಿಟ್ಜ್ ತಂಡ 1990ರಲ್ಲೇ ತೋರಿಸಿದಂತೆ, ಶಿಕ್ಷಕರು ಬೊಟ್ಟು ಮಾಡಿದ ಮಕ್ಕಳಲ್ಲಿ ಹುಡುಗರೇ ತುಂಬಿದ್ದರು; ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಅಂತರ ಬಹುಪಾಲು ಕರಗಿತು. ಗಲಾಟೆ ಮಾಡುವವನು ಕಣ್ಣಿಗೆ ಬೀಳುತ್ತಾನೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಹುಡುಗಿ ಬೀಳುವುದಿಲ್ಲ.

ಮಿದುಳಿನ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಗೊತ್ತಾಗುವುದಿಲ್ಲ, ಮಾಡಿಸಬೇಡಿ. ಸ್ಕ್ಯಾನ್‌ನಲ್ಲಿ ಕಂಡ ವ್ಯತ್ಯಾಸಗಳು ಗುಂಪುಗಳ ಸರಾಸರಿಯವು. ಒಂದು ಮಗುವಿನ ಚಿತ್ರ ನೋಡಿ ತೀರ್ಪು ಕೊಡುವಷ್ಟು ಅವು ಸ್ಪಷ್ಟವಲ್ಲ. ಸಂಶೋಧನೆಯ ಮಟ್ಟದಲ್ಲಿ ಕುತೂಹಲದ ಫಲಿತಾಂಶಗಳಿವೆ. ಹೆಫ್ಟ್ ತಂಡ 25 ಡಿಸ್ಲೆಕ್ಸಿಯಾ ಮಕ್ಕಳ ಮಿದುಳಿನ ಮಾಹಿತಿಯಿಂದ ಎರಡೂವರೆ ವರ್ಷಗಳ ನಂತರ ಯಾರ ಓದು ಸುಧಾರಿಸುತ್ತದೆ ಎಂಬುದನ್ನು ಶೇ. 90ಕ್ಕೂ ಹೆಚ್ಚು ನಿಖರವಾಗಿ ಊಹಿಸಿತು, ಅದೂ ಕಾಗದದ ಪರೀಕ್ಷೆಗಳು ಊಹಿಸಲಾರದೆ ಹೋದಾಗ. ಆದರೆ 25 ಮಕ್ಕಳು ಎಂಬ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಫಿನ್ಲೆಂಡಿನ ಯುವಾಸ್ಕುಲಾದಲ್ಲಿ ಹೈಕ್ಕಿ ಲ್ಯೂಟಿನೆನ್ ಅವರ ನೇತೃತ್ವದಲ್ಲಿ ಸುಮಾರು 200 ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದ ಅಧ್ಯಯನ ಇದಕ್ಕಿಂತ ಗಟ್ಟಿ. ಕುಟುಂಬದಲ್ಲಿ ತೊಡಕಿದ್ದ ಶಿಶುಗಳ ಮಿದುಳಿನ ವಿದ್ಯುತ್ ಅಲೆಗಳು ಮಾತಿನ ಧ್ವನಿಗೆ ಬೇರೆಯಾಗಿ ಸ್ಪಂದಿಸುವುದು ಅಲ್ಲಿ ಕಂಡಿತು. ಅದೇ ಅಧ್ಯಯನದ ಇನ್ನೊಂದು ಪಾಠ ಹೆಚ್ಚು ಉಪಯುಕ್ತ: ಶಾಲೆಗೆ ಸೇರುವ ಹೊತ್ತಿಗೆ ಮಗುವಿಗೆ ಎಷ್ಟು ಅಕ್ಷರ ಗೊತ್ತು ಎಂಬ ಸಾದಾ ಲೆಕ್ಕವೇ ಬಹಳ ಒಳ್ಳೆಯ ಮುನ್ಸೂಚನೆ. ಅದಕ್ಕೆ ಯಂತ್ರ ಬೇಕಿಲ್ಲ.

ಮಿದುಳಿನಲ್ಲಿ ವ್ಯತ್ಯಾಸವಿದೆ ಎಂದರೆ ಅದೇ ಕಾರಣ ಎಂದಾಯಿತಲ್ಲವೇ?

ಆಗಲಿಲ್ಲ. ಓದದೆ ಇರುವುದರಿಂದಲೂ ಮಿದುಳು ಬೇರೆಯಾಗಿ ಕಾಣಬಹುದು. ಡಿಸ್ಲೆಕ್ಸಿಯಾ ಇರುವವರಲ್ಲಿ ಚಲನೆಯನ್ನು ಗ್ರಹಿಸುವ ಪ್ರದೇಶ ಮಂದವಾಗಿರುತ್ತದೆ, ಆದ್ದರಿಂದ ಅದೇ ಕಾರಣ ಎಂದು ಹಲವರು ನಂಬಿದ್ದರು. ಗ್ವಿನೆವಿಯರ್ ಈಡನ್ ತಂಡ 2013ರಲ್ಲಿ ಜಾಣ ಹೋಲಿಕೆಯೊಂದನ್ನು ಮಾಡಿತು. ಡಿಸ್ಲೆಕ್ಸಿಯಾ ಮಕ್ಕಳನ್ನು ಅವರದೇ ವಯಸ್ಸಿನವರೊಂದಿಗೆ ಹೋಲಿಸುವ ಬದಲು, ಅವರಷ್ಟೇ ಓದಬಲ್ಲ ಚಿಕ್ಕ ಮಕ್ಕಳೊಂದಿಗೆ ಹೋಲಿಸಿತು. ವ್ಯತ್ಯಾಸ ಮಾಯವಾಯಿತು! ಆಮೇಲೆ ಓದು ಕಲಿಸಿದಾಗ ಆ ಪ್ರದೇಶದ ಚಟುವಟಿಕೆಯೂ ಏರಿತು. ಕಾರಣವೆಂದುಕೊಂಡದ್ದು ಪರಿಣಾಮವಾಗಿತ್ತು. ಕಣ್ಣಿನ ಚಲನೆಯ ವ್ಯಾಯಾಮಗಳನ್ನು ಮಾರುವವರು ಈ ಅಧ್ಯಯನದ ಮಾತೆತ್ತುವುದಿಲ್ಲ.

ಹಾಗೆಂದು ಎಲ್ಲ ವ್ಯತ್ಯಾಸವೂ ಪರಿಣಾಮವೇ ಅಲ್ಲ. 2016ರ ಅಧ್ಯಯನವೊಂದರಲ್ಲಿ ಝೇನೆಪ್ ಸೈಗಿನ್ ಮತ್ತು ಸಂಗಡಿಗರು ಐದು ವರ್ಷದ, ಇನ್ನೂ ಓದು ಬಾರದ ಮಕ್ಕಳ ನರತಂತುಗಳ ಸಂಪರ್ಕವನ್ನು ನೋಡಿ, ಎಂಟನೆಯ ವಯಸ್ಸಿಗೆ ಪದರೂಪ ಪ್ರದೇಶ ಎಲ್ಲಿ ಮೂಡುತ್ತದೆ ಎಂದು ಮೊದಲೇ ಹೇಳಿದರು.

ಪಾಠದಿಂದ ಮಿದುಳು ಬದಲಾಗುತ್ತದೆಯೇ?

ಬದಲಾಗುತ್ತದೆ, ನಿರೀಕ್ಷೆಗಿಂತ ಬೇಗ. ಸಿಲ್ವಿಯಾ ಬ್ರೆಮ್ ತಂಡದ 2010ರ ಅಧ್ಯಯನದಲ್ಲಿ ಶಿಶುವಿಹಾರದ ಮಕ್ಕಳು ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವ ಕಂಪ್ಯೂಟರ್ ಆಟವನ್ನು ಎಂಟು ವಾರಗಳಲ್ಲಿ ಒಟ್ಟು ನಾಲ್ಕು ಗಂಟೆಗೂ ಕಡಿಮೆ ಆಡಿದರು. ಅಷ್ಟಕ್ಕೇ ಮಿದುಳಿನ ಹಿಂಭಾಗ ಅಚ್ಚಿನ ಅಕ್ಷರಗಳಿಗೆ ಸ್ಪಂದಿಸತೊಡಗಿತು. ತಿಮೊಥಿ ಕೆಲ್ಲರ್ ಮತ್ತು ಮಾರ್ಸೆಲ್ ಜಸ್ಟ್ 2009ರಲ್ಲಿ, ಹಿಂದುಳಿದ ಓದುಗರಿಗೆ 100 ಗಂಟೆಗಳ ಪಾಠದ ನಂತರ ನರತಂತುಗಳ ರಚನೆಯೇ ಸುಧಾರಿಸಿದ್ದನ್ನು ಕಂಡರು. 2018ರಲ್ಲಿ ಜೇಸನ್ ಯೀಟ್‌ಮನ್ ತಂಡ ಎಂಟು ವಾರಗಳ ತೀವ್ರ ಪಾಠದಲ್ಲಿ, ದಿನಕ್ಕೆ ನಾಲ್ಕು ಗಂಟೆಯಂತೆ, ಇಂಥದೇ ಬದಲಾವಣೆ ವ್ಯಾಪಕವಾಗಿ ಆಗುವುದನ್ನು ತೋರಿಸಿತು. ಯಾವ ಶಾಲೆಯಲ್ಲಿ ಯಾವ ಮಗುವಿಗೆ ದಿನಕ್ಕೆ ನಾಲ್ಕು ಗಂಟೆ ಓದಿನ ನೆರವು ಸಿಗುತ್ತದೆ ಎಂದು ಮಾತ್ರ ಕೇಳಬೇಡಿ.

ಹಾಗಾದರೆ ನರವಿಜ್ಞಾನದಿಂದ ಶಿಕ್ಷಕರಿಗೆ ನಿಜವಾಗಿ ಸಿಕ್ಕಿದ್ದೇನು?

ಪಾಠ ಹೇಗೆ ಮಾಡಬೇಕು ಎಂಬುದಕ್ಕೆ ನೇರ ಉತ್ತರ ಸಿಕ್ಕಿದ್ದು ಕಡಿಮೆ. ಮಿದುಳಿನ ಅಧ್ಯಯನದಿಂದ ತರಗತಿಗೆ ನೇರ ಸೇತುವೆ ಕಟ್ಟುವುದು ಆಗದ ಮಾತು, ನಡುವೆ ಮನೋವಿಜ್ಞಾನದ ಕಂಬ ಬೇಕು ಎಂದು ಜಾನ್ ಬ್ರೂಯರ್ 1997ರಲ್ಲೇ ಎಚ್ಚರಿಸಿದ್ದರು. ಜೆಫ್ರಿ ಬವರ್ಸ್ 2016ರಲ್ಲಿ ಇನ್ನೂ ಖಾರವಾಗಿ ಬರೆದರು: ಪಾಠ ಫಲ ಕೊಟ್ಟಿತೇ ಎಂದು ತಿಳಿಯಲು ಮಗು ಓದುತ್ತಿದೆಯೇ ಎಂದು ನೋಡಿದರೆ ಸಾಕು, ಮಿದುಳು ಬದಲಾಯಿತೇ ಎಂದು ನೋಡಬೇಕಿಲ್ಲ ಎಂಬುದು ಅವರ ವಾದದ ತಿರುಳು. ಪ್ರತಿವಾದಗಳೂ ಬಂದವು. ಈ ವಿಷಯದಲ್ಲಿ ನಾನು ಬವರ್ಸ್ ಕಡೆಗೇ ಹೆಚ್ಚು ವಾಲುತ್ತೇನೆ. ತರಗತಿಗೆ ಉಪಯೋಗಕ್ಕೆ ಬಂದ ಬಹುಪಾಲು ಅರಿವು ಕಾಗದ, ಪೆನ್ಸಿಲ್, ತಾಳ್ಮೆಯಿಂದ ಬಂದದ್ದು; ಸ್ಕ್ಯಾನರ್ ಅದಕ್ಕೆ ಸಹಿ ಹಾಕಿತು.

ಆದರೆ ಆ ಸಹಿಗೂ ಬೆಲೆಯಿದೆ. ಸೋಮಾರಿ, ಮಂದಬುದ್ಧಿ ಎಂಬ ಬೈಗುಳಗಳಿಗೆ ಅದು ಉತ್ತರ ಕೊಟ್ಟಿತು. ಓದು ಸಹಜವಾಗಿ ಅರಳುತ್ತದೆ, ಪುಸ್ತಕ ಕೊಟ್ಟು ಬಿಟ್ಟರೆ ಸಾಕು ಎಂಬ ವಾದದ ಬುಡವನ್ನು ಅಲುಗಿಸಿತು. ಯೂಲಿಯಾ ಯೊಂಚೆವಾ ಮತ್ತು ಬ್ರೂಸ್ ಮೆಕ್‌ಕ್ಯಾಂಡ್ಲಿಸ್ ತಂಡದ 2015ರ ಪ್ರಯೋಗದಲ್ಲಿ ವಯಸ್ಕರಿಗೆ ಹೊಸ ಲಿಪಿಯ ಕೆಲವು ಪದಗಳನ್ನು ಅಕ್ಷರ ಮತ್ತು ಧ್ವನಿಯನ್ನು ಬಿಡಿಸಿ ಕಲಿಸಲಾಯಿತು, ಇನ್ನು ಕೆಲವನ್ನು ಇಡೀ ಚಿತ್ರವಾಗಿ. ಮೊದಲ ಬಗೆಯಲ್ಲಿ ಕಲಿತ ಪದಗಳಿಗೆ ನುರಿತ ಓದುಗರಂತೆ ಎಡಮಿದುಳು ಸ್ಪಂದಿಸಿತು. ಎರಡನೆಯ ಬಗೆಯಲ್ಲಿ ಬಲಭಾಗ. ಕಲಿಸುವ ಬಗೆ ಜಾಲದ ದಾರಿಯನ್ನೇ ಬದಲಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಇನ್ನು, ಮಿದುಳಿನ ಹೆಸರು ಕೇಳಿದರೇ ಜನ ಮರುಳಾಗುತ್ತಾರೆ. ಡೀನಾ ವೈಸ್‌ಬರ್ಗ್ ಮತ್ತಿತರರು 2008ರಲ್ಲಿ ತೋರಿಸಿದಂತೆ, ಕಳಪೆ ವಿವರಣೆಗೆ ಸಂಬಂಧವಿಲ್ಲದ ಮಿದುಳಿನ ಒಂದು ವಾಕ್ಯ ಸೇರಿಸಿದರೆ ಸಾಮಾನ್ಯರಿಗೆ ಅದು ಒಳ್ಳೆಯ ವಿವರಣೆಯಂತೆ ಕಾಣುತ್ತದೆ. ಬ್ರಿಟನ್ ಮತ್ತು ನೆದರ್‌ಲೆಂಡ್ಸ್‌ನ 242 ಶಿಕ್ಷಕರ 2012ರ ಸಮೀಕ್ಷೆಯಲ್ಲಿ, ಮಿದುಳಿನ ಬಗೆಗಿನ ಸುಳ್ಳು ನಂಬಿಕೆಗಳಲ್ಲಿ ಸರಾಸರಿ ಅರ್ಧದಷ್ಟನ್ನು ಅವರು ನಿಜವೆಂದೇ ಒಪ್ಪಿದ್ದರು.

ಬಣ್ಣದ ಕನ್ನಡಕ, ವಿಶೇಷ ಫಾಂಟ್, ಮಿದುಳಿನ ವ್ಯಾಯಾಮ ಇವುಗಳಿಂದ ಪ್ರಯೋಜನವಿದೆಯೇ?

ಬಣ್ಣದ ಗಾಜು, ಕಣ್ಣಿನ ವ್ಯಾಯಾಮಗಳಿಗೆ ಪುರಾವೆಯಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಟನೆಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ವಿಶೇಷ ಫಾಂಟ್‌ಗಳ ಲಾಭ ಪರೀಕ್ಷೆಯಲ್ಲಿ ನಿಂತಿಲ್ಲ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಇಟಾಲಿಯನ್, ಫ್ರೆಂಚ್ ಮಕ್ಕಳಿಗೆ ಅನುಕೂಲವಾದದ್ದು 2012ರಲ್ಲಿ ಮಾರ್ಕೊ ಜೋರ್ಜಿ ತಂಡಕ್ಕೆ ಕಂಡಿದೆ, ಅದಕ್ಕೆ ಖರ್ಚೂ ಇಲ್ಲ. ಎಡಮಿದುಳು-ಬಲಮಿದುಳು ಸಮತೋಲನ, ನೋಡಿ ಕಲಿಯುವವರು-ಕೇಳಿ ಕಲಿಯುವವರು ಎಂಬ ವಿಂಗಡಣೆ ಇವುಗಳ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಡಿಸ್ಲೆಕ್ಸಿಯಾ ಒಂದು ವರ, ಅದು ಇರುವವರೆಲ್ಲ ವಿಶೇಷ ಪ್ರತಿಭಾವಂತರು ಎಂಬ ಮಾತಿಗೂ ಆಧಾರ ತೆಳು. ಐನ್‌ಸ್ಟೈನ್‌ಗೆ ಇತ್ತೆಂಬುದಕ್ಕೆ ಗಟ್ಟಿ ದಾಖಲೆಯಿಲ್ಲ. ಸಾಮಾನ್ಯ ಮಗುವಿಗೂ ಓದಲು ಬರಬೇಕು, ಅದಕ್ಕೆ ಪ್ರತಿಭೆಯ ನೆಪ ಬೇಕಿಲ್ಲ.

ಮತ್ತೆ ಯಾವುದು ಕೆಲಸ ಮಾಡುತ್ತದೆ?

ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ನೇರವಾಗಿ, ಒಂದು ಕ್ರಮದಲ್ಲಿ, ಊಹೆಗೆ ಬಿಡದೆ ಕಲಿಸುವುದು. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಪರಿಶೀಲಿಸಿ ಎತ್ತಿಹಿಡಿದದ್ದು ಐದು ಸಂಗತಿಗಳನ್ನು: ಧ್ವನಿ ಪ್ರಜ್ಞೆ, ಅಕ್ಷರ-ಧ್ವನಿ ಪಾಠ, ಸರಾಗತೆ, ಶಬ್ದಸಂಪತ್ತು, ಗ್ರಹಿಕೆ. ಡಿಸ್ಲೆಕ್ಸಿಯಾ ಇರುವ ಮಗುವಿಗೂ ಬೇಕಾದದ್ದು ಇದೇ, ಆದರೆ ಹೆಚ್ಚು ಸಲ, ಚಿಕ್ಕ ಗುಂಪಿನಲ್ಲಿ, ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ. ಕನ್ನಡದಲ್ಲಾದರೆ ಒಂದೆರಡು ವ್ಯಂಜನ, ಒಂದೆರಡು ಸ್ವರಚಿಹ್ನೆ ಕಲಿಸಿದ ಕೂಡಲೇ ಅವುಗಳಿಂದಲೇ ಆಗುವ ಪದಗಳನ್ನು ಓದಿಸಿ, ಬರೆಸಿ. ವರ್ಣಮಾಲೆ ಪೂರ್ತಿ ಮುಗಿಯುವವರೆಗೆ ಪದ ಓದಿಸದೆ ಕಾಯಿಸುವ ಪದ್ಧತಿ ಹಿಂದುಳಿದ ಮಗುವಿಗೆ ದೊಡ್ಡ ಶಿಕ್ಷೆ.

ಸರಾಗವಾಗಿ ಓದುತ್ತಾನೆ, ಅರ್ಥ ಮಾತ್ರ ಆಗುವುದಿಲ್ಲ. ಇದೂ ಡಿಸ್ಲೆಕ್ಸಿಯಾವೇ?

ಅಲ್ಲ, ಅದು ಬೇರೆ ತೊಡಕು. ಫಿಲಿಪ್ ಗಫ್ ಮತ್ತು ವಿಲಿಯಂ ಟನ್‌ಮರ್ 1986ರಲ್ಲಿ ಮುಂದಿಟ್ಟ ಸೂತ್ರದಂತೆ, ಓದಿನ ಗ್ರಹಿಕೆ ಎಂದರೆ ಪದ ಬಿಡಿಸುವ ಸಾಮರ್ಥ್ಯ ಮತ್ತು ಭಾಷೆಯ ಗ್ರಹಿಕೆಗಳ ಗುಣಲಬ್ಧ. ಕೂಡಿಸಿದ್ದಲ್ಲ, ಗುಣಿಸಿದ್ದು, ಒಂದು ಸೊನ್ನೆಯಾದರೆ ಒಟ್ಟೂ ಸೊನ್ನೆ. ಅದೇ ಪಾಠವನ್ನು ನೀವು ಓದಿ ಹೇಳಿ. ಆಗಲೂ ಅರ್ಥವಾಗದಿದ್ದರೆ ಮಗುವಿಗೆ ಬೇಕಾದದ್ದು ಅಕ್ಷರದ ಪಾಠವಲ್ಲ, ಕಥೆ, ಮಾತುಕತೆ, ಶಬ್ದಗಳು.

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಅದರಿಂದ ಹೀಗಾಯಿತೇ?

ಎರಡು ಭಾಷೆ ಡಿಸ್ಲೆಕ್ಸಿಯಾ ತರುವುದಿಲ್ಲ. ಆದರೆ ಅರ್ಥವಾಗದ ಭಾಷೆಯಲ್ಲಿ ಅಕ್ಷರ ಕಲಿಸಿ, ಓದಲು ಬಾರದು ಎಂದು ದೂರಿದರೆ ಅದು ಪಾಠದ ತೊಡಕು, ಮಗುವಿನದಲ್ಲ. ಸಾಧ್ಯವಾದರೆ ಎರಡೂ ಭಾಷೆಗಳಲ್ಲಿ ಪರೀಕ್ಷಿಸಿ.

ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ ಎನ್ನುತ್ತಾರೆ. ಕಾಯಬಹುದೇ?

ಬೇಡ. ಓದಬಲ್ಲವರು ಹೆಚ್ಚು ಓದಿ ಮುಂದೆ ಹೋಗುತ್ತಾರೆ, ಓದಲಾಗದವರು ಓದನ್ನೇ ತಪ್ಪಿಸಿಕೊಂಡು ಹಿಂದೆ ಬೀಳುತ್ತಾರೆ, ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ ಎಂದು ಕೀತ್ ಸ್ಟಾನೊವಿಚ್ 1986ರಲ್ಲಿ ವಿವರಿಸಿದರು. ಡಿಸ್ಲೆಕ್ಸಿಯಾ ಇದೆ ಎಂಬ ಪ್ರಮಾಣಪತ್ರ ಬರುವವರೆಗೆ ಪಾಠ ನಿಲ್ಲಿಸಬೇಕಾಗಿಯೂ ಇಲ್ಲ. ಒಂದನೆಯ ತರಗತಿಯ ನಡುವಿನಲ್ಲಿ ಅಕ್ಷರಗಳು ಹಿಡಿತಕ್ಕೆ ಸಿಗದಿದ್ದರೆ ಆ ವಾರವೇ ಹೆಚ್ಚುವರಿ ಪಾಠ ಶುರು ಮಾಡಿ. ಡಿಸ್ಲೆಕ್ಸಿಯಾ ಇಲ್ಲದ ಮಗುವಿಗೂ ಅದರಿಂದ ನಷ್ಟವೇನಿಲ್ಲ.

ನನಗೆ ಮೂವತ್ತು ದಾಟಿದೆ. ಈಗ ಏನಾದರೂ ಮಾಡಬಹುದೇ?

ಮಾಡಬಹುದು. ಪಾಠದಿಂದ ವಯಸ್ಕರ ಓದೂ ಸುಧಾರಿಸುತ್ತದೆ, ಮಿದುಳೂ ಒಗ್ಗುತ್ತದೆ. ಮೇಲೆ ಹೇಳಿದ ಬ್ರೆಜಿಲ್, ಉತ್ತರ ಪ್ರದೇಶದ ಅಧ್ಯಯನಗಳಲ್ಲಿದ್ದವರೂ ವಯಸ್ಕರೇ. ವೇಗ ಮಾತ್ರ ಸುಲಭಕ್ಕೆ ಬರುವುದಿಲ್ಲ. ಬಾಲ್ಯದಲ್ಲಿ ಡಿಸ್ಲೆಕ್ಸಿಯಾ ಇದ್ದು ಕಾಲೇಜು ಓದಿದವರಲ್ಲಿಯೂ ಧ್ವನಿ ಬಿಡಿಸುವ ತೊಡಕು ಉಳಿದಿರುವುದನ್ನು ಮ್ಯಾಗಿ ಬ್ರಕ್ 1990ರ ದಶಕದ ಮೊದಲಲ್ಲಿ ತೋರಿಸಿದ್ದರು. ಆದ್ದರಿಂದ ಮೊಬೈಲಿನಲ್ಲಿ ಓದಿ ಹೇಳುವ ಸೌಲಭ್ಯ, ಧ್ವನಿ ಪುಸ್ತಕ, ಹೇಳಿ ಬರೆಸುವ ತಂತ್ರಾಂಶಗಳನ್ನು ಸಂಕೋಚವಿಲ್ಲದೆ ಬಳಸಿ. ಪರೀಕ್ಷೆ ಬರೆಯುವುದಿದ್ದರೆ ಹೆಚ್ಚುವರಿ ಸಮಯ ಕೇಳಿ, ಅರ್ಜಿಯನ್ನು ಪರೀಕ್ಷೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ ಕೊಡಿ. ನಿಮಗೆ ಮಕ್ಕಳಿದ್ದರೆ ಅವರ ಶಿಕ್ಷಕರಿಗೆ ನಿಮ್ಮ ತೊಡಕಿನ ವಿಷಯವನ್ನು ಮೊದಲ ಭೇಟಿಯಲ್ಲೇ ತಿಳಿಸಿಬಿಡಿ.